ನಂಬಿಗಸ್ತನಾದ ದೂತನು
(ಸಭೆಗಳ ವೇದಾಭ್ಯಾಸಕ್ಕಾಗಿ ಒಂದು ಪಾಠ)

ಈ ಪಾಠವನ್ನು ಆರಂಭಿಸುವದಕ್ಕೆ ಮುಂಚೆ ಜ್ಞಾನೋಕ್ತಿಗಳ 25ನೆಯ ಅಧ್ಯಾಯದ 13ನೆಯ ವಚನವನ್ನು ಓದಿರಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿ ಕೇಳಿರಿ. ಅಲ್ಲಿ ಜ್ಞಾನಿಯು ನಂಬಿಗಸ್ತನಾದ ದೂತನನ್ನು ಸುಗ್ಗಿಯ ದಿವಸದ ಹಿಮಕ್ಕೆ ಹೋಲಿಸಿದ್ದಾನೆ. ನಮ್ಮಲ್ಲಿ ಅನೇಕರು ಹಿಮವನ್ನು ಕಂಡವರಲ್ಲ. ಕಾನಾನ್ ದೇಶದ ಉತ್ತರದಲ್ಲಿ ಹೆರ್ಮೋನ್ ಎಂಬ ಎತ್ತರವಾದ ಬೆಟ್ಟವುಂಟು. ಅದರ ತುದಿಯಲ್ಲಿ ವರುಷದ ಬಹುಕಾಲ ಹಿಮವು ಕಾಣಿಸುವದು. ಆದರೆ ಕೆಳಗಿನ ಹೊಲಗಳಲ್ಲಿ ಜವೆಗೋದಿ ಗೋದಿಗಳ ಕೊಯಿಲು ನಡೆಯುವದು ಬೇಸಗೆಯ ಬಿಸಿಲಿನಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಕುಡುಗೋಲು ಹಿಡಿದು ಬಗ್ಗಿದವನಿಗೆ ಒಬ್ಬನು ತಣ್ಣಗಿರುವ ಮಜ್ಜಿಗೆಯನ್ನು ತಂದುಕೊಟ್ಟರೆ ಅವನ ಪ್ರಾಣಕ್ಕೆ ಎಷ್ಟು ಹಿತವಾಗುವದೆಂಬದು ನಿಮಗೆ ಚೆನ್ನಾಗಿ ಗೊತ್ತು. ಒಬ್ಬರ ಮಾತನ್ನು ಮತ್ತೊಬ್ಬರಿಗೆ ಕೆಡದ ಹಾಗೆ ಮುಟ್ಟಿಸುವವನು ಅಂಥ ಹಿತವನ್ನು ಉಂಟುಮಾಡುತ್ತಾನೆಂದು ದೇವರ ವಾಕ್ಯವು ಕಲಿಸುತ್ತದೆ.

ದೂತನೆಂದರೆ ಅರಸನ ಆಳು ಮಾತ್ರವೆಂದು ನೆನಸಬೇಡಿರಿ. ಸಂತೆಯಿಂದ ಬರುವಾಗ ನೆಂಟರ ಮಾತನ್ನು ತರುವವನು ದೂತನೇ. ಬಾವಿಯ ಕಟ್ಟೆಯಲ್ಲಿ ಕೇಳಿದ್ದನ್ನು ಮನೆಗೆ ಬಂದು ಹೇಳುವವಳು ದೂತಳೇ. ಸಭೆಯ ಹಿರಿಯನೂ ಉಪದೇಶಿಯೂ ತಾಯಿಯೂ ದೂತರೇ ಆಗಿದ್ದಾರೆ. ಹೀಗಿರಲಾಗಿ ಈ ಪಾಠವು ನಮ್ಮೆಲ್ಲರಿಗೂ ಸಂಬಂಧಪಟ್ಟದ್ದು.

1. ಮಾತು ಹೇಗೆ ಕೆಡುತ್ತದೆ

ಮಾತು ಕೆಡುವದಕ್ಕೆ ದೊಡ್ಡ ಸುಳ್ಳು ಬೇಕಾಗಿಲ್ಲ. ಒಂದು ಚಿಕ್ಕ ಮಾತನ್ನು ಕೂಡಿಸಿದರೆ ಸಾಕು, ಒಂದು ಚಿಕ್ಕ ಮಾತನ್ನು ಕಳೆದರೆ ಸಾಕು.

ಆದಿಕಾಂಡದ 2ನೆಯ ಅಧ್ಯಾಯದಲ್ಲಿ ದೇವರು ಆದಾಮನಿಗೆ ಕೊಟ್ಟ ಅಪ್ಪಣೆಯನ್ನು ನೋಡಿರಿ. ತೋಟದ ಎಲ್ಲಾ ಮರಗಳ ಹಣ್ಣನ್ನು ಯಥೇಚ್ಛವಾಗಿ ತಿನ್ನಲು ಆತನು ಅನುಮತಿ ಕೊಟ್ಟು, ಒಂದೇ ಮರವನ್ನು ನಿಷೇಧಿಸಿದನು. 3ನೆಯ ಅಧ್ಯಾಯದಲ್ಲಿ ಸರ್ಪವು ಅದನ್ನು ತಿರುಗಿಸಿ, ಯಾವ ಮರದ ಹಣ್ಣನ್ನೂ ತಿನ್ನಬಾರದೆಂದು ದೇವರು ಹೇಳಿದ್ದಾನೋ ಎಂದು ಕೇಳಿತು. ಉದಾರವಾಗಿ ಕೊಡುವವನನ್ನು ಅದು ಕೈ ಬಿಗಿಹಿಡಿಯುವವನನ್ನಾಗಿ ತೋರಿಸಿತು. ಹವ್ವಳು ಕೊಟ್ಟ ಉತ್ತರದಲ್ಲಿಯಾದರೂ ಮಾತು ಮೊದಲಿದ್ದಂತೆ ಉಳಿಯಲಿಲ್ಲ. ಎಲ್ಲಾ ಮರಗಳು, ಯಥೇಚ್ಛವಾಗಿ, ಎಂಬ ಮಾತುಗಳು ಬಿದ್ದುಹೋದವು. ಮುಟ್ಟಲೂ ಬಾರದೆಂಬ ಹೊಸ ಮಾತು ಸೇರಿಕೊಂಡಿತು. ಆ ಅಪ್ಪಣೆಯು ಕೊಡಲ್ಪಟ್ಟಾಗ ಹವ್ವಳು ಇನ್ನೂ ಉಂಟುಮಾಡಲ್ಪಟ್ಟಿರಲಿಲ್ಲವೆಂಬದನ್ನು ಗಮನಿಸಿರಿ. ಹೊಸ ಮಾತನ್ನು ಸೇರಿಸಿದವರು ಯಾರೆಂದು ವೇದವು ಹೇಳುವದಿಲ್ಲ. ಆದರೆ ಮಾತು ಕೆಟ್ಟಿತ್ತು, ಮತ್ತು ವೈರಿಯು ಅದೇ ಬಿರುಕಿನಿಂದ ಒಳಗೆ ನುಗ್ಗಿದನು.

ಇನ್ನೊಂದು ದೃಷ್ಟಾಂತವು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದ ಕಡೆಯಲ್ಲಿದೆ. ಯೇಸುವಿಗೆ ಪ್ರಿಯನಾಗಿದ್ದ ಶಿಷ್ಯನ ಗತಿಯೇನೆಂದು ಪೇತ್ರನು ಕೇಳಿದಾಗ, ತಾನು ಬರುವ ತನಕ ಅವನು ಉಳಿದಿರುವದು ತನಗೆ ಇಷ್ಟವಾಗಿದ್ದರೆ ಅದು ಪೇತ್ರನಿಗೆ ಸೇರಿದ ವಿಷಯವಲ್ಲವೆಂದು ಕರ್ತನು ಉತ್ತರಕೊಟ್ಟನು. ಇದರಿಂದ ಸಹೋದರರಲ್ಲಿ ಆ ಶಿಷ್ಯನು ಸಾಯುವದಿಲ್ಲವೆಂಬ ಸುದ್ದಿ ಹಬ್ಬಿತು. ಇದನ್ನು ಹಬ್ಬಿಸಿದವರು ವೈರಿಗಳಲ್ಲ, ಕರ್ತನನ್ನು ಪ್ರೀತಿಸುವವರೇ. ಅವರು ಬೇಕೆಂದು ಸುಳ್ಳಾಡಿದರೆಂದು ವೇದವು ಹೇಳುವದಿಲ್ಲ. ಆದರೆ, ಇಷ್ಟವಾಗಿದ್ದರೆ, ಎಂಬ ಒಂದು ಮಾತು ದಾರಿಯಲ್ಲಿ ಬಿದ್ದುಹೋಯಿತು. ಆಗ ಸುವಾರ್ತಿಕನು ಏನು ಮಾಡಿದನು? ಸುದ್ದಿ ಹಬ್ಬಿಸಿದವರನ್ನು ಬೈಯಲಿಲ್ಲ. ತನಗೆ ಗೌರವ ತರುವ ಸುದ್ದಿಯೆಂದು ಸುಮ್ಮನಿರಲೂ ಇಲ್ಲ. ಕರ್ತನು ಹಾಗೆ ಹೇಳಲಿಲ್ಲ, ಹೀಗೆ ಹೇಳಿದನೆಂದು ಆತನ ಮಾತನ್ನು ಇದ್ದದ್ದು ಇದ್ದಂತೆಯೇ ಮತ್ತೊಂದು ಸಾರಿ ಬರೆದಿಟ್ಟನು. ಕೆಟ್ಟ ಮಾತಿಗೆ ಮದ್ದು ಇದೇ.

2. ನಮ್ಮ ಸ್ವಂತ ತಪ್ಪು

ಪ್ರಿಯರೇ, ಬೇರೆಯವರ ತಪ್ಪನ್ನು ತೋರಿಸಿ ನಮ್ಮದನ್ನು ಮುಚ್ಚಿಡುವದು ಯೋಗ್ಯವಲ್ಲ. ನಾವು ವೇದಶಾಸ್ತ್ರದ ಪಾಠಶಾಲೆಯಿಂದ ಹೊರಟು ಉಪದೇಶಿಯ ಕೆಲಸಕ್ಕೆ ಸೇರಿದ ಮೂರನೆಯ ವರುಷದಲ್ಲಿ ನಡೆದದ್ದನ್ನು ಹೇಳುತ್ತೇವೆ. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಹೇಳುವ ಅಗತ್ಯವಿಲ್ಲ.

ಆ ಊರಿನ ಸಭೆಯ ಹಿರಿಯನೊಬ್ಬನಿಗೂ ಅವನ ತಮ್ಮನಿಗೂ ಹೊಲದ ಬದುವಿನ ವಿಷಯದಲ್ಲಿ ಜಗಳವಾಗಿತ್ತು. ಇದನ್ನು ಕೇಳಿದ ಸಭಾಪಾಲಕರು ನಮ್ಮನ್ನು ಕರೆದು, "ನೋಡು ತಮ್ಮಾ, ನಾನು ಬಂದು ಅಣ್ಣ ತಮ್ಮಂದಿರಿಬ್ಬರನ್ನೂ ಕೂಡಿಸಿ ಮಾತಾಡುವ ತನಕ ಅವನು ಕರ್ತನ ಭೋಜನಕ್ಕೆ ಬರುವದು ಬೇಡ. ಬರುವ ತಿಂಗಳು ನಾನೇ ಅವನ ಮನೆಗೆ ಬರುತ್ತೇನೆ, ಅಲ್ಲಿಯೇ ಊಟ ಮಾಡುತ್ತೇನೆಂದು ಹೇಳು" ಎಂದರು. ನಾವು ಊರಿಗೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಹಿರಿಯನು ಕಣದಲ್ಲಿ ಜೋಳವನ್ನು ತೂರುತ್ತಿದ್ದನು. ಆಳುಗಳೂ ನೆರೆಯವರೂ ಅಲ್ಲಿದ್ದರು. ನಮಗೆ ಇನ್ನೊಂದು ಹಳ್ಳಿಗೆ ಹೋಗುವ ಅವಸರವಿತ್ತು. ಕಣದ ಅಂಚಿನಲ್ಲಿ ನಿಂತುಕೊಂಡೇ, "ನೀವು ಭೋಜನಕ್ಕೆ ಬರಬಾರದೆಂದು ಅಯ್ಯನವರು ಹೇಳಿದ್ದಾರೆ" ಎಂದು ಹೇಳಿ ಮುಂದಕ್ಕೆ ನಡೆದೆವು. ಅವನು ಒಂದು ಮಾತನ್ನೂ ಆಡದೆ ಮೊರವನ್ನು ಎತ್ತಿ ಪುನಃ ತೂರತೊಡಗಿದನು.

ನಾವು ಸುಳ್ಳು ಹೇಳಿದೆವೋ? ಅಯ್ಯನವರು ಹೇಳದ ಒಂದು ಮಾತನ್ನೂ ನಾವು ಸೇರಿಸಲಿಲ್ಲ. ಆದರೂ ಅವರ ಸಂದೇಶವನ್ನು ನಾವು ಕೊಂದೆವು. ತನಕ, ಎಂಬ ಮಾತು ಬಿದ್ದುಹೋಯಿತು. ಮನೆಗೆ ಬಂದು ಊಟ ಮಾಡುತ್ತೇನೆಂಬ ಪ್ರೀತಿಯ ಮಾತೂ ಬಿದ್ದುಹೋಯಿತು. ಒಬ್ಬನ ಕಿವಿಯಲ್ಲಿ ಹೇಳಬೇಕಾದದ್ದನ್ನು ಹತ್ತು ಜನರ ಮುಂದೆ ಹೇಳಿದೆವು. ಸಭಾಪಾಲಕರು ಬಾಗಲನ್ನು ತೆರೆದಿಟ್ಟು ಮಾತು ಕಳುಹಿಸಿದ್ದರು. ನಾವು ಅದನ್ನು ಮುಚ್ಚಿ ಅಗುಳಿ ಹಾಕಿದೆವು.

ಮುಂದಿನ ತಿಂಗಳು ಸಭಾಪಾಲಕರು ಕಾಯಿಲೆ ಬಿದ್ದರು. ಅವರು ಆ ಊರಿಗೆ ಬರುವದಕ್ಕೆ ಎಂಟು ತಿಂಗಳಾಯಿತು. ಅಷ್ಟು ಕಾಲವೂ ಆ ಹಿರಿಯನ ಮನೆಯಿಂದ ಒಬ್ಬರೂ ಆರಾಧನೆಗೆ ಬರಲಿಲ್ಲ. ಅವನ ಮುದಿ ತಾಯಿ ನಡೆಯಲಾರದವಳು. ಮಗನು ಬಂಡಿಯಲ್ಲಿ ಕರತಂದರೆ ಮಾತ್ರ ಬರುವಳು. ಬಂಡಿ ಬರಲಿಲ್ಲ, ಅವಳೂ ಬರಲಿಲ್ಲ. ಆ ಎಂಟು ತಿಂಗಳೊಳಗೆ, ಕರ್ತನ ಮೇಜಿನ ಬಳಿಗೆ ಮತ್ತೊಮ್ಮೆ ಬರದೆ, ಅವಳು ತೀರಿಹೋದಳು. ಕರ್ತನು ತನ್ನವರನ್ನು ಬಲ್ಲನು, ಆಕೆಯನ್ನು ಆತನು ಕೈಬಿಟ್ಟಿಲ್ಲವೆಂದು ನಂಬುತ್ತೇವೆ. ಆದರೆ ಆಕೆಯ ಕಡೆಯ ದಿವಸಗಳಲ್ಲಿ ಸಿಕ್ಕಬೇಕಾಗಿದ್ದ ಆದರಣೆಯು ನಮ್ಮ ಅವಸರದಿಂದ ತಪ್ಪಿಹೋಯಿತು.

ಸಭಾಪಾಲಕರು ಬಂದು ವಿಷಯವನ್ನು ವಿಚಾರಿಸಿ ನಮ್ಮನ್ನು ಕೇಳಿದ್ದು ಇಷ್ಟೇ: "ನಾನು ಹೇಳಿಕಳುಹಿಸಿದ್ದನ್ನೆಲ್ಲಾ ಹೇಳಿದೆಯೋ?" ನಮ್ಮ ಬಾಯಿ ಕಟ್ಟಿಹೋಯಿತು. ಆ ಸಾಯಂಕಾಲ ಅದೇ ಕಣಕ್ಕೆ ಹೋಗಿ, ಅದೇ ನೆರೆಯವರ ಮುಂದೆ, ಬಿಟ್ಟುಬಿಟ್ಟ ಮಾತುಗಳನ್ನು ಹೇಳಿ ಕ್ಷಮೆ ಬೇಡಿಕೊಂಡೆವು. ಹಿರಿಯನು ಬಹಳ ಹೊತ್ತು ನೆಲವನ್ನು ನೋಡುತ್ತಿದ್ದು, "ಅಯ್ಯನವರು ಊಟಕ್ಕೆ ಬರುತ್ತಾರೆಂದು ಅಷ್ಟೇ ಹೇಳಿದ್ದರೂ ಸಾಕಾಗಿತ್ತು, ಉಪದೇಶಿಗಳೇ" ಅಂದನು. ಅವನು ನಮ್ಮನ್ನು ಕ್ಷಮಿಸಿದನು, ತಮ್ಮನ ಸಂಗಡ ಸಮಾಧಾನವಾದನು, ಸಭೆಗೂ ತಿರಿಗಿ ಬಂದನು. ಆದರೂ ಬಂಡಿಯಲ್ಲಿ ತಾಯಿಯು ಕೂಡ್ರುತ್ತಿದ್ದ ಸ್ಥಳ ಬರಿದಾಗಿಯೇ ಇತ್ತು. ಅಂದಿನಿಂದ ಯಾರಾದರೂ ಒಂದು ಮಾತನ್ನು ಮುಟ್ಟಿಸಲು ನಮ್ಮ ಕೈಯಲ್ಲಿ ಕೊಟ್ಟರೆ, ಅದನ್ನು ಅವರಿಗೇ ಒಂದು ಸಾರಿ ತಿರಿಗಿ ಹೇಳಿ, ಹೀಗೆಯೇ ಅಲ್ಲವೋ ಎಂದು ಕೇಳಿಕೊಂಡು ಹೊರಡುತ್ತೇವೆ.

3. ಕೇಳುವವನ ಹೊಣೆ

ಹೇಳುವವನಿಗೆ ಹೊಣೆಯಿರುವಂತೆ ಕೇಳುವವನಿಗೂ ಹೊಣೆಯುಂಟು. ಇದನ್ನು ಎರಡು ಕಥೆಗಳಿಂದ ಕಲಿಯೋಣ.

ಮೊದಲನೆಯದು ಯೆಹೋಶುವನ ಗ್ರಂಥದ 22ನೆಯ ಅಧ್ಯಾಯದಲ್ಲಿದೆ. ರೂಬೇನ್ಯರೂ ಗಾದ್ಯರೂ ಮನಸ್ಸೆಯ ಅರ್ಧ ಕುಲದವರೂ ಯೊರ್ದನ್ ಹೊಳೆಯ ಬಳಿಯಲ್ಲಿ ಒಂದು ದೊಡ್ಡ ಯಜ್ಞವೇದಿಯನ್ನು ಕಟ್ಟಿದರೆಂಬ ಸುದ್ದಿ ಮಿಕ್ಕ ಇಸ್ರಾಯೇಲ್ಯರಿಗೆ ಮುಟ್ಟಿತು. ಸುದ್ದಿಯು ನಿಜವೇ, ಆದರೆ ಯಾಕೆ ಕಟ್ಟಿದರೆಂಬದು ಅದರಲ್ಲಿರಲಿಲ್ಲ. ಅವರು ಯೆಹೋವನನ್ನು ಬಿಟ್ಟು ತಿರುಗಿಬಿದ್ದಿದ್ದಾರೆಂದು ನೆನಸಿ, ಯುದ್ಧಕ್ಕಾಗಿ ಜನರೆಲ್ಲರೂ ಶೀಲೋವಿನಲ್ಲಿ ಕೂಡಿದರು. ಆದರೆ ಕತ್ತಿಯನ್ನು ಕಳುಹಿಸುವದಕ್ಕೆ ಮುಂಚೆ ಮನುಷ್ಯರನ್ನು ಕಳುಹಿಸಿದರು. ಯಾಜಕನ ಮಗನಾದ ಫೀನೆಹಾಸನೂ ಕುಲಕ್ಕೆ ಒಬ್ಬನಂತೆ ಹತ್ತು ಮಂದಿ ಪ್ರಧಾನರೂ ಹೊಳೆ ದಾಟಿ ಹೋದರು. ಈ ಫೀನೆಹಾಸನು ಹಿಂದೆ ಪಾಪವನ್ನು ಕಂಡಾಗ ಈಟಿಯನ್ನು ಹಿಡಿದು ಎದ್ದವನು (ಅರಣ್ಯಕಾಂಡ 25). ಅಂಥ ಆಸಕ್ತಿಯುಳ್ಳವನೂ ಈ ಸಾರಿ ಮೊದಲು ಕೇಳಿದನು. ಅವರು ತಮ್ಮ ಭಯವನ್ನು ಮುಚ್ಚಿಡದೆ ಹೇಳಿದರು. ಹೊಳೆಯಾಚೆಯ ದೇಶವು ಅಶುದ್ಧವೆಂದು ತೋರಿದರೆ ನಮ್ಮ ನಡುವೆಯೇ ಬಂದು ಸ್ವಾಸ್ತ್ಯ ತಕ್ಕೊಳ್ಳಿರೆಂದು ಸ್ಥಳವನ್ನೂ ಕೊಡಲು ಸಿದ್ಧರಾಗಿದ್ದರು.

ಆಚೆಯವರ ಉತ್ತರವೇನು? ಮುಂದೆ ಒಂದು ಕಾಲದಲ್ಲಿ ಈಚೆಯವರ ಮಕ್ಕಳು ತಮ್ಮ ಮಕ್ಕಳನ್ನು ಯೆಹೋವನಲ್ಲಿ ಪಾಲಿಲ್ಲದವರೆಂದು ದೂರಮಾಡಬಹುದೆಂದು ಅವರು ಅಂಜಿದ್ದರು. ಆ ವೇದಿಯು ಬಲಿ ಅರ್ಪಿಸುವದಕ್ಕಲ್ಲ. ಇಬ್ಬರೂ ಒಂದೇ ದೇವರ ಜನರೆಂಬದಕ್ಕೆ ಸಾಕ್ಷಿಯಾಗಿರುವದಕ್ಕೇ. ನೋಡಿರಿ, ಒಡಕಿನ ಗುರುತೆಂದು ನೆನಸಿದ್ದು ಐಕ್ಯದ ಗುರುತಾಗಿತ್ತು! ಫೀನೆಹಾಸನು ಇದನ್ನು ಕೇಳಿ ಸಂತೋಷಪಟ್ಟು, ತಿರಿಗಿ ಹೋಗಿ ಜನರಿಗೆ ಅದನ್ನು ತಿಳಿಸಿದನು. ಯುದ್ಧದ ಮಾತು ಅಲ್ಲಿಗೆ ನಿಂತಿತು. ಹನ್ನೊಂದು ಮಂದಿಯ ಒಂದು ಪ್ರಯಾಣವು ಕುಲಗಳನ್ನು ರಕ್ತಪಾತದಿಂದ ಉಳಿಸಿತು.

ಎರಡನೆಯದು 2 ಸಮುವೇಲನ 16 ಮತ್ತು 19ನೆಯ ಅಧ್ಯಾಯಗಳಲ್ಲಿದೆ. ದಾವೀದನು ತನ್ನ ಮಗನಾದ ಅಬ್ಷಾಲೋಮನಿಗೆ ಹೆದರಿ ಓಡುತ್ತಿರುವಾಗ ಚೀಬನೆಂಬವನು ಕತ್ತೆಗಳ ಮೇಲೆ ರೊಟ್ಟಿಗಳನ್ನು ಹೇರಿಕೊಂಡು ಬಂದನು. ತನ್ನ ಯಜಮಾನನಾದ ಮೆಫೀಬೋಶೆತನು ರಾಜ್ಯದ ಆಶೆಯಿಂದ ಯೆರೂಸಲೇಮಿನಲ್ಲಿಯೇ ಉಳಿದಿದ್ದಾನೆಂದು ಹೇಳಿದನು. ಮೆಫೀಬೋಶೆತನು ದಾವೀದನ ಪ್ರಾಣಸ್ನೇಹಿತನಾದ ಯೋನಾತಾನನ ಮಗನು, ಎರಡು ಕಾಲೂ ಕುಂಟು. ಅರಸನು ಅವನನ್ನು ಕೇಳಲಿಲ್ಲ. ಆ ಕ್ಷಣದಲ್ಲಿಯೇ ಅವನ ಆಸ್ತಿಯನ್ನೆಲ್ಲಾ ಚೀಬನಿಗೆ ಕೊಟ್ಟುಬಿಟ್ಟನು. ದಿವಸಗಳು ಕಳೆದ ಮೇಲೆ ಮೆಫೀಬೋಶೆತನು ಅರಸನನ್ನು ಎದುರುಗೊಳ್ಳಲು ಬಂದನು. ಅರಸನು ಹೊರಟುಹೋದ ದಿವಸದಿಂದ ಅವನು ಗಡ್ಡವನ್ನು ಕತ್ತರಿಸಿರಲಿಲ್ಲ, ಬಟ್ಟೆಯನ್ನು ಒಗಿಸಿರಲಿಲ್ಲ. ತನ್ನ ಸೇವಕನು ತನ್ನನ್ನು ಮೋಸಮಾಡಿ ಬಿಟ್ಟುಬಂದನೆಂದು ಅವನು ಹೇಳಿಕೊಂಡನು. ಆಗ ದಾವೀದನು ಹೊಲವನ್ನು ಇಬ್ಬರಿಗೂ ಹಂಚಿದನು. ದೇವರ ಮನಸ್ಸಿಗೆ ಒಪ್ಪಿದ ಅರಸನೂ ದುಃಖದ ದಿವಸದಲ್ಲಿ ಒಂದೇ ಪಕ್ಷದ ಮಾತನ್ನು ಕೇಳಿ ತೀರ್ಪುಮಾಡಿ ಎಡವಿದರೆ, ನಾವು ಎಷ್ಟು ಜಾಗರೂಕರಾಗಿರಬೇಕು! ಸುದ್ದಿ ತಂದವನ ಕೈಯಲ್ಲಿ ರೊಟ್ಟಿ ಇದೆಯೆಂದು ಅವನ ಬಾಯಲ್ಲಿ ಸತ್ಯವಿದೆಯೆಂದು ತಿಳಿಯಬಾರದು.

ಆದಕಾರಣವೇ ನಮ್ಮ ಕರ್ತನು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಕ್ರಮವನ್ನು ನೇಮಿಸಿದನು. ಸಹೋದರನು ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನ ಸಂಗಡ ಮಾತಾಡತಕ್ಕದ್ದು. ಅವನು ಕೇಳದಿದ್ದರೆ ಒಬ್ಬಿಬ್ಬರನ್ನು ಕರಕೊಂಡು ಹೋಗತಕ್ಕದ್ದು. ಅದರ ಮೇಲೆ ಸಭೆ. ನಾವೋ ಅದನ್ನು ತಲೆಕೆಳಗುಮಾಡಿ, ಮೊದಲು ಊರಿಗೆಲ್ಲಾ ಹೇಳಿ, ಕಡೆಗೆ ತಪ್ಪು ಮಾಡಿದವನಿಗೆ ಹೇಳುತ್ತೇವೆ.

4. ಕಹಿಯಾದ ಮಾತನ್ನು ಹೇಳುವದು

ಕೆಲವರು, ಸಮಾಧಾನಕ್ಕಾಗಿ ಕಹಿಯಾದ ಮಾತನ್ನು ಬಿಟ್ಟುಬಿಡುವದು ಒಳ್ಳೇದಲ್ಲವೋ ಎಂದು ಕೇಳಬಹುದು. ಬಾಲಕನಾದ ಸಮುವೇಲನನ್ನು ನೆನಪಿಗೆ ತಂದುಕೊಳ್ಳಿರಿ (1 ಸಮುವೇಲ 3). ಮುದುಕನಾದ ಏಲಿಯ ಮನೆಗೆ ಬರುವ ನ್ಯಾಯತೀರ್ಪನ್ನು ದೇವರು ರಾತ್ರಿಯಲ್ಲಿ ಅವನಿಗೆ ತಿಳಿಸಿದನು. ತನ್ನನ್ನು ಸಾಕಿದವನಿಗೆ ಅದನ್ನು ಹೇಳಲು ಹುಡುಗನು ಅಂಜಿದನು. ಆದರೂ ಏಲಿಯು ಕೇಳಿದಾಗ ಒಂದನ್ನೂ ಮರೆಮಾಡದೆ ಎಲ್ಲವನ್ನೂ ಹೇಳಿದನು. ಏಲಿಯಾದರೋ ಕೋಪಿಸಿಕೊಳ್ಳದೆ ಕರ್ತನ ಚಿತ್ತಕ್ಕೆ ತಲೆಬಾಗಿದನು. ಸಮುವೇಲನು ಆ ಮಾತಿನಲ್ಲಿ ಸಂತೋಷಪಡಲಿಲ್ಲ, ಬೀದಿಯಲ್ಲಿ ಸಾರಲಿಲ್ಲ. ಕೇಳತಕ್ಕವನಿಗೆ ಮಾತ್ರ ಹೇಳಿದನು. ಅಪೊಸ್ತಲನು ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಸತ್ಯವನ್ನೂ ಪ್ರೀತಿಯನ್ನೂ ಒಂದೇ ನೊಗಕ್ಕೆ ಕಟ್ಟುತ್ತಾನೆ. ಒಂದು ಎತ್ತನ್ನು ಬಿಚ್ಚಿದರೆ ನೇಗಿಲು ಸಾಲು ತಪ್ಪುವದು.

ಹಾಗೆಂದು ತಿಳಿದದ್ದನ್ನೆಲ್ಲಾ ಎಲ್ಲರಿಗೂ ಹೇಳುವದು ನಂಬಿಗಸ್ತಿಕೆಯಲ್ಲ. ಗುಟ್ಟನ್ನು ಕಾಪಾಡುವವನನ್ನು ಜ್ಞಾನೋಕ್ತಿಯು ಹೊಗಳುತ್ತದೆ (11:13). ನಮಗೆ ಒಪ್ಪಿಸಲ್ಪಡದ ಮಾತನ್ನು ಹೊತ್ತುಕೊಂಡು ತಿರುಗುವವನು ದೂತನಲ್ಲ, ಚಾಡಿಕೋರನು.

5. ನಮಗೆ ಮುಟ್ಟಿದ ಮಾತು

ಇದೆಲ್ಲಾ ಯಾಕೆ ಅಷ್ಟು ದೊಡ್ಡ ವಿಷಯ? ಯಾಕಂದರೆ ನಮ್ಮ ರಕ್ಷಣೆಯ ಸಮಾಚಾರವೇ ನಂಬಿಗಸ್ತರಾದ ದೂತರ ಕೈಯಿಂದ ನಮಗೆ ಬಂದದ್ದು. ಪೌಲನು ಕೊರಿಂಥದವರಿಗೆ ಕರ್ತನ ಭೋಜನದ ವಿಷಯವಾಗಿ ಬರೆಯುವಾಗಲೂ, ಕ್ರಿಸ್ತನ ಮರಣ ಪುನರುತ್ಥಾನಗಳ ವಿಷಯವಾಗಿ ಬರೆಯುವಾಗಲೂ, ತಾನು ಹೊಂದಿದ್ದನ್ನೇ ಅವರಿಗೆ ಒಪ್ಪಿಸಿದೆನೆಂದು ಹೇಳುತ್ತಾನೆ (1 ಕೊರಿಂಥ 11:23; 15:3). ಅವನು ತನ್ನ ಸ್ವಂತ ಸರಕನ್ನು ತರಲಿಲ್ಲ, ಒಪ್ಪಿಸಲ್ಪಟ್ಟದ್ದನ್ನು ಒಪ್ಪಿಸಿದನು.

ನಮ್ಮ ಭಾಷೆಯಲ್ಲಿ ವೇದವು ಬಂದದ್ದೂ ಹೀಗೆಯೇ. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಭಾಷಾಂತರಕ್ಕೆ ಕೈಹಾಕಿದರು. ರೀವ್ ಎಂಬವರೂ ಈ ಕೆಲಸದಲ್ಲಿ ಅವರ ಜೊತೆಗೂಡಿದರು. ಸಂಪೂರ್ಣ ಸತ್ಯವೇದವು ಅಚ್ಚಾಗಿ ಕೈಗೆ ಬಂದದ್ದು 1831ರಲ್ಲಿ. ಇಪ್ಪತ್ತು ವರುಷಗಳು! ಅದಕ್ಕೂ ತೃಪ್ತರಾಗದೆ, ಬಾಸೆಲ್ ಮಿಶನಿನ ವೈಗ್ಲೆ ಮೊದಲಾದವರು ಆ ಭಾಷಾಂತರವನ್ನು ತಿದ್ದುವದರಲ್ಲಿ ಶ್ರಮಪಟ್ಟರು. ಅದೇ ಮಿಶನಿನ ಕಿಟ್ಟೆಲರು ಕನ್ನಡದ ಮಾತುಗಳನ್ನು ಒಂದೊಂದಾಗಿ ಕೂಡಿಸಿ, ಅವುಗಳ ಅರ್ಥವನ್ನು ತೂಗಿ, 1894ರಲ್ಲಿ ದೊಡ್ಡ ನಿಘಂಟನ್ನು ಪ್ರಕಟಿಸಿದರು. ಇವರೆಲ್ಲರೂ ಒಂದು ಮಾತಿಗಾಗಿ ದಿವಸಗಟ್ಟಲೆ ಯೋಚಿಸುತ್ತಿರುವಾಗ, ನಾವು ನೆರೆಯವನ ಹೆಸರಿಗೆ ಸಂಬಂಧಪಟ್ಟ ಮಾತನ್ನು ಒಂದು ಗಳಿಗೆಯೂ ಯೋಚಿಸದೆ ಆಡಬಹುದೋ?

ಎಲ್ಲರಿಗಿಂತ ಮೇಲಾದ ದೂತನು ಯೇಸು ಕ್ರಿಸ್ತನೇ. ತಾನು ಮಾತಾಡಬೇಕಾದದ್ದನ್ನು ತಂದೆಯೇ ಆಜ್ಞಾಪಿಸಿದನೆಂದೂ ತಂದೆಯು ಹೇಳಿದ ಪ್ರಕಾರವೇ ತಾನು ಮಾತಾಡುತ್ತೇನೆಂದೂ ಆತನು ಸಾಕ್ಷಿಕೊಟ್ಟನು (ಯೋಹಾನ 12:49-50). ಜನರ ಮೆಚ್ಚಿಕೆಗಾಗಿ ಆತನು ಒಂದನ್ನೂ ಕೂಡಿಸಲಿಲ್ಲ. ಶಿಲುಬೆಯ ಭಯದಿಂದ ಒಂದನ್ನೂ ಕಳೆಯಲಿಲ್ಲ. ಆದಕಾರಣ ಪ್ರಕಟನೆಯ ಗ್ರಂಥದ ಆರಂಭದಲ್ಲಿ ಆತನು ನಂಬತಕ್ಕ ಸಾಕ್ಷಿಯೆಂದು ಕರೆಯಲ್ಪಟ್ಟಿದ್ದಾನೆ. ಆತನ ಹೆಸರನ್ನು ಧರಿಸಿಕೊಂಡ ನಮ್ಮ ನಾಲಿಗೆಯನ್ನು ಅನ್ಯಜನರು ನಂಬಲಾರದೆ ಹೋದರೆ, ನಮ್ಮ ಸುವಾರ್ತೆಯನ್ನು ಹೇಗೆ ನಂಬುವರು? ಬದುವಿನ ವಿಷಯದಲ್ಲಿ ಸುಳ್ಳಾಡಿದವನು ಪರಲೋಕದ ವಿಷಯದಲ್ಲಿ ಸತ್ಯ ಹೇಳುತ್ತಾನೆಂದು ಯಾರು ತಿಳಿದುಕೊಂಡಾರು?

6. ನಾವು ಮಾಡತಕ್ಕದ್ದು

ಮೊದಲನೆಯದಾಗಿ, ಒಂದು ಮಾತನ್ನು ಮುಟ್ಟಿಸಲು ಒಪ್ಪಿಕೊಂಡರೆ, ಅದನ್ನು ಕೊಟ್ಟವರಿಗೇ ಒಂದು ಸಾರಿ ತಿರಿಗಿ ಹೇಳಿ ಸರಿನೋಡಿಕೊಳ್ಳಿರಿ. ಎರಡನೆಯದಾಗಿ, ಯಾರಿಗೆ ಕಳುಹಿಸಲ್ಪಟ್ಟಿತೋ ಅವರಿಗೇ, ತಕ್ಕ ಸ್ಥಳದಲ್ಲಿ, ಪೂರ್ತಿಯಾಗಿ ಹೇಳಿರಿ. ಕಟ್ಟುನಿಟ್ಟಿನ ಮಾತನ್ನು ಹೇಳಿ ಪ್ರೀತಿಯ ಮಾತನ್ನು ಬಿಡಬೇಡಿರಿ. ಮೂರನೆಯದಾಗಿ, ಒಬ್ಬನ ವಿಷಯದಲ್ಲಿ ಕೆಟ್ಟ ಸುದ್ದಿಯನ್ನು ಕೇಳಿದರೆ, ಅವನನ್ನೇ ಕೇಳುವ ತನಕ ಅದನ್ನು ನಂಬಲೂ ಬೇಡಿರಿ, ಮತ್ತೊಬ್ಬರಿಗೆ ಹೇಳಲೂ ಬೇಡಿರಿ. ನಾಲ್ಕನೆಯದಾಗಿ, ನಿಮ್ಮಿಂದ ಮಾತು ಕೆಟ್ಟಿತೆಂದು ತಿಳಿದ ಕೂಡಲೆ, ಎಲ್ಲಿ ಹೇಳಿದಿರೋ ಅಲ್ಲಿಯೇ, ಯಾರ ಮುಂದೆ ಹೇಳಿದಿರೋ ಅವರ ಮುಂದೆಯೇ, ಅದನ್ನು ಸರಿಪಡಿಸಿರಿ. ತಡಮಾಡಬೇಡಿರಿ. ಕೆಲವು ಬಾಗಲುಗಳು ಎಂಟು ತಿಂಗಳು ಕಾಯುವದಿಲ್ಲ.

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ದೇವರ ಅಪ್ಪಣೆಗೂ ಹವ್ವಳ ಉತ್ತರಕ್ಕೂ ಇರುವ ಭೇದಗಳು ಯಾವವು?
2. ಸಹೋದರರು ಯೇಸುವಿನ ಮಾತಿನಿಂದ ಯಾವ ಚಿಕ್ಕ ಮಾತನ್ನು ಬಿಟ್ಟರು? ಅದರಿಂದ ಏನಾಯಿತು?
3. ಇಸ್ರಾಯೇಲ್ಯರು ಯುದ್ಧಕ್ಕೆ ಹೋಗುವದಕ್ಕೆ ಮುಂಚೆ ಏನು ಮಾಡಿದರು? ದಾವೀದನು ಚೀಬನ ಮಾತನ್ನು ಕೇಳಿ ಏನು ಮಾಡದೆ ಹೋದನು?
4. ಸಮುವೇಲನು ಕಹಿಯಾದ ಮಾತನ್ನು ಹೇಳಿದ ರೀತಿಯಿಂದ ನಾವು ಏನನ್ನು ಕಲಿಯುತ್ತೇವೆ?
5. ನಿಮ್ಮಿಂದ ಕೆಟ್ಟು ಇನ್ನೂ ಸರಿಯಾಗದಿರುವ ಮಾತು ಯಾವದಾದರೂ ಉಂಟೋ? (ಇದಕ್ಕೆ ಸಭೆಯಲ್ಲಿ ಉತ್ತರ ಕೊಡುವದು ಬೇಡ. ದೇವರ ಮುಂದೆ ಉತ್ತರಕೊಟ್ಟು, ಸಂಬಂಧಪಟ್ಟವರ ಮನೆಗೆ ಹೋಗಿರಿ.)

ಪ್ರಾರ್ಥನೆ

ಸತ್ಯಸ್ವರೂಪನಾದ ಕರ್ತನೇ, ನಿನ್ನ ಮಾತು ಕೆಡದಂತೆ ನಮಗೆ ಮುಟ್ಟಿದ್ದಕ್ಕಾಗಿ ನಿನ್ನನ್ನು ಸ್ತುತಿಸುತ್ತೇವೆ. ನಮ್ಮ ಅವಸರದಿಂದಲೂ ಅಂಜಿಕೆಯಿಂದಲೂ ಹಗೆಯಿಂದಲೂ ಕೆಟ್ಟುಹೋದ ಮಾತುಗಳನ್ನು ಕ್ಷಮಿಸು. ಅವುಗಳಿಂದ ಗಾಯಪಟ್ಟವರನ್ನು ವಾಸಿಮಾಡು. ನಮ್ಮ ಬಾಯಿಗೆ ಕಾವಲಿಡು. ನಮ್ಮ ಕಿವಿಗೆ ತಾಳ್ಮೆ ಕೊಡು. ಸುಗ್ಗಿಯ ಬಿಸಿಲಿನಲ್ಲಿ ತಂಪನ್ನು ತರುವವರಂತೆ ನಮ್ಮನ್ನು ನಮ್ಮ ನೆರೆಯವರ ಬಳಿಗೆ ಕಳುಹಿಸು. ನಂಬತಕ್ಕ ಸಾಕ್ಷಿಯಾದ ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.